ಹುಲ್ಲಿನೊಳಗೆ ಬೇಯುವ ಬೇಳೆ

ಬೆಳಗಿನ ಐದೂವರೆ. ವನದುರ್ಗದ ಯಾತ್ರಿಕರ ಛತ್ರದ ಹಿತ್ತಲಲ್ಲಿ ಗೊಲ್ಲಾಳಮ್ಮ ಒಂದು ಹಿಡಿ ಭತ್ತದ ಹುಲ್ಲನ್ನು ಕಿವಿಯ ಹತ್ತಿರ ಹಿಡಿದು ಮುರಿಯುತ್ತಾರೆ. ಚಟ್ ಎಂದರೆ ಗುಂಡಿಗೆ, ಮೆತ್ತಗೆ ಬಾಗಿದರೆ ಪಕ್ಕಕ್ಕೆ. ಸೊಂಟದಾಳದ ಗುಂಡಿಯ ತಳಕ್ಕೂ ಬದಿಗೂ ಮೊಳದಷ್ಟು ದಪ್ಪ ಹುಲ್ಲು ತುಂಬಿ, ತಾವೇ ಒಳಗಿಳಿದು ತುಳಿಯುತ್ತಾರೆ. ಆ ರಭಸ ನೋಡಿದವರು ಅವರಿಗೆ ಐವತ್ತೆಂಟು ವರ್ಷವೆಂದರೆ ನಂಬುವುದಿಲ್ಲ.

ಆಚೆ ಒಲೆಯ ಮೇಲೆ ಹದಿನಾಲ್ಕು ಕಿಲೋ ತೊಗರಿಬೇಳೆ ಕೊತಕೊತ ಕುದಿಯುತ್ತಿದೆ. ಇಂದು ಅಮಾವಾಸ್ಯೆ. ಕೊಡೇಕಲ್ಲಿಗೆ ನಡೆದು ಹೋಗುವ ಮುನ್ನೂರು ಜನ ಮಧ್ಯಾಹ್ನ ಇಲ್ಲಿ ಉಣ್ಣಬೇಕು. ಅಡುಗೆಯ ಸೂಗಪ್ಪ ಮೂರು ತಾಸು ಕಣ್ಣು ಕೆಂಪು ಮಾಡಿಕೊಂಡು ಬೇಯಿಸುತ್ತಿದ್ದ ಬೇಳೆಯನ್ನು ಗೊಲ್ಲಾಳಮ್ಮ ಅರ್ಧ ತಾಸು ಕುದಿಸಿ, ಕೊಪ್ಪರಿಗೆ ಸಮೇತ ಇಳಿಸಿ, ಹುಲ್ಲಿನಲ್ಲಿ ಹೂತುಬಿಡುತ್ತಾರೆ. ಉಳಿದ ಕೆಲಸವನ್ನು ಒಳಗಿನ ಕಾವೇ ಮಾಡುತ್ತದೆ. ಆಮೇಲೆ ಬೆಂಕಿಯೂ ಬೇಡ, ಊದುಕೊಳವೆಯೂ ಬೇಡ.

ಆದರೂ ಇಂದು ಅವರಿಗೆ ನೆಮ್ಮದಿಯಿಲ್ಲ. ಹೋದ ಅಮಾವಾಸ್ಯೆಯಂದು ಮೊದಲ ಸಲ ಇದೇ ಗುಂಡಿಯಲ್ಲಿ ಇಟ್ಟ ಬೇಳೆ ಬೇಯಲಿಲ್ಲ. ಇಂದೂ ಕೈಕೊಟ್ಟರೆ ಹುಲ್ಲಿನ ಒಂದೆಳೆಯೂ ಛತ್ರದ ಹೊಸ್ತಿಲು ದಾಟಕೂಡದು ಎಂದು ಛತ್ರ ನೋಡಿಕೊಳ್ಳುವ ವ್ಯಾಪಾರಿ ಜಗದೇವಪ್ಪ ಖಡಾಖಂಡಿತವಾಗಿ ಹೇಳಿದ್ದಾರೆ. ಆಗ ಒಂಬತ್ತು ವರ್ಷ ಊರೂರು ತಿರುಗಿ ಗಳಿಸಿದ ನಂಬಿಕೆ ಒಂದೇ ಮಧ್ಯಾಹ್ನದಲ್ಲಿ ಹೋಗಿಬಿಡುತ್ತದೆ.

ಈ ವಿದ್ಯೆ ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಕಾಲುವೆ ನೀರು ಬಂದ ಮೇಲೆ ಈ ಸೀಮೆಯಲ್ಲಿ ಭತ್ತ ಬಂತು, ಭತ್ತದ ಬೆನ್ನಿಗೆ ರಾಶಿ ರಾಶಿ ಹುಲ್ಲೂ ಬಂತು. ಜೋಳದ ಕಣಿಕೆ ತಿಂದು ಬೆಳೆದ ಎತ್ತುಗಳು ಅದಕ್ಕೆ ಮೂಗು ಮುರಿದವು. ರೈತರು ಗದ್ದೆಯಲ್ಲೇ ಬೆಂಕಿ ಇಟ್ಟರು. ಸುಗ್ಗಿ ಮುಗಿದರೆ ಸಾಕು, ಶಹಾಪುರದಿಂದ ಸುರಪುರದವರೆಗೆ ಹೊಗೆಯೋ ಹೊಗೆ. ಒಮ್ಮೆ ನಾಟಿಗೆ ಕೂಲಿಯವರನ್ನು ಒಯ್ಯುವ ಟಂಟಂ ಆಟೋ ಮನೆ ಮುಂದೆ ನಿಂತು ಹಾರ್ನ್ ಮೇಲೆ ಹಾರ್ನ್ ಹೊಡೆಯತೊಡಗಿತು. ಗೊಲ್ಲಾಳಮ್ಮನ ಬೇಳೆ ಇನ್ನೂ ಅರ್ಧವೂ ಬೆಂದಿರಲಿಲ್ಲ. ಚೆಲ್ಲದಿರಲಿ ಎಂದು ಗಡಿಗೆಯ ಸುತ್ತ ಹುಲ್ಲು ತುರುಕಿ, ಬುಟ್ಟಿಯಲ್ಲಿಟ್ಟು, ಮೇಲೊಂದು ಹಳೆ ಕೌದಿ ಸುತ್ತಿ ಹೊತ್ತುಕೊಂಡು ಹೋದರು.

“ಹೊಲದಾಗ ಬಿಚ್ಚಿದ್ರ ಬ್ಯಾಳಿ ಹಣ್ಣಾಗಿತ್ರಿ. ಬಿಸಿ ಅಂದ್ರ ಬಿಸಿ, ನಾಲಿಗಿ ಸುಟ್ಟಿತು. ಸುಟ್ಟರೂ ನಗಾಕತ್ತಿದ್ದೆ ನಾ” ಎಂದು ಈಗಲೂ ನಗುತ್ತಾರೆ.

ಅಂದಿನಿಂದ ಬುಟ್ಟಿ ಕಟ್ಟುವುದೇ ಗೀಳಾಯಿತು. ದಿನಕ್ಕೊಂದು ಬುಟ್ಟಿ, ಅದರೊಳಗೆ ಹುಲ್ಲಿನ ಗೋಡೆ, ಮೇಲೆ ಹುಲ್ಲು ತುಂಬಿದ ದಿಂಬಿನ ಮುಚ್ಚಳ. ಗದ್ದೆ ಗದ್ದೆ ತಿರುಗಿ, ರೈತರು ಕಡ್ಡಿ ಗೀರುವ ಮೊದಲೇ ಹುಲ್ಲು ಎತ್ತಿಕೊಂಡು ಬರುತ್ತಾರೆ. ಕೊಂಕಲ್ಲಿನವರೆಗೆ ಮುನ್ನೂರಕ್ಕೂ ಹೆಚ್ಚು ಮನೆಗಳಲ್ಲಿ ಅವರ ಬುಟ್ಟಿಗಳಿವೆ. ನಲವತ್ತು ದಿನಕ್ಕೆ ಖಾಲಿಯಾಗುತ್ತಿದ್ದ ಸಿಲಿಂಡರ್ ಈಗ ಎರಡು ತಿಂಗಳು ದಾಟುತ್ತದೆ ಎಂದು ನೆರೆಮನೆಯ ಮುನ್ನಿಬೀ ಕಂಡಕಂಡವರಿಗೆಲ್ಲ ಹೇಳುತ್ತಾರೆ. ಗೊಲ್ಲಾಳಮ್ಮನದು ಎರಡೇ ಕಟ್ಟಪ್ಪಣೆ: ಹುಣಸೆ, ಉಪ್ಪು ಹಾಕುವುದು ಬೇಳೆ ಬೆಂದ ಮೇಲೆ; ಮುಚ್ಚಳ ನಡುವೆ ತೆಗೆಯಕೂಡದು. ಮೊದಲನೆಯದನ್ನು ಎಲ್ಲರೂ ಪಾಲಿಸುತ್ತಾರೆ. ಎರಡನೆಯದಕ್ಕೇ ತಕರಾರು. ಇಣುಕಿ ನೋಡದೆ ಅಡುಗೆ ಮಾಡು ಎಂದರೆ ಯಾವ ಹೆಂಗಸಿನ ಜೀವ ತಡೆದೀತು?

ಛತ್ರದಲ್ಲಿ ಇಣುಕಿದ್ದು ಮಾತ್ರ ಹೆಂಗಸಲ್ಲ, ಸಾಕ್ಷಾತ್ ಜಗದೇವಪ್ಪ. ಒಂಬತ್ತಕ್ಕೆ ಪೂಜೆಯ ಗಂಟೆ ಹೊಡೆದ ಕೂಡಲೇ ಜನ ಉಣ್ಣುವ ಕೊಪ್ಪರಿಗೆಯಿಂದಲೇ ದೇವರಿಗೆ ಎಡೆ ತೆಗೆಯುವುದು ಅಲ್ಲಿನ ಪದ್ಧತಿ. ಹೋದ ಸಲ ಅವರು ಭಕ್ತಿಯಿಂದ ಹುಲ್ಲು ಸರಿಸಿ, ಮುಚ್ಚಳ ತೆಗೆದು, ಸಾವಕಾಶವಾಗಿ ಎಡೆ ಬಡಿಸಿಕೊಂಡು, ಮುಚ್ಚಳವನ್ನು ಓರೆಯಾಗಿ ಇಟ್ಟು ಹೋದರು. ಕಾವೆಲ್ಲ ಗಾಳಿಪಾಲಾಯಿತು. ಮಧ್ಯಾಹ್ನ ಕಾಳು ಕಲ್ಲಿನಂತೆ ಹಲ್ಲಿಗೆ ಸಿಕ್ಕಿತು, ಬೈಗುಳ ಗೊಲ್ಲಾಳಮ್ಮನಿಗೆ ಸಿಕ್ಕಿತು. ಮರುದಿನವೇ ಏಳು ಮನೆಯವರು ಬುಟ್ಟಿಗಳನ್ನು ಅವರ ಕಟ್ಟೆಯ ಮೇಲಿಟ್ಟು ಹೋದರು. ಆ ದಿನ ಗೊಲ್ಲಾಳಮ್ಮ ಉಣ್ಣಲಿಲ್ಲ.

ಇಂದು ಅವರು ಗಟ್ಟಿ ಮನಸ್ಸು ಮಾಡಿ ಬಂದಿದ್ದಾರೆ. ಬೇಳೆ ಚೆನ್ನಾಗಿ ಕುದಿದ ಮೇಲೆ ಅದೇ ಕೊಪ್ಪರಿಗೆಯಿಂದ ಮೊದಲ ನಾಲ್ಕು ಸೌಟು ಸಣ್ಣ ಗಡಿಗೆಗೆ ತೆಗೆದು, ಅದನ್ನು ಬೇರೆ ಬುಟ್ಟಿಯಲ್ಲಿ ದಪ್ಪ ಹುಲ್ಲಿನೊಳಗೆ ಇಡುತ್ತಾರೆ. ಆಮೇಲೆ ಸೂಗಪ್ಪ ಮತ್ತಿಬ್ಬರು ಕೊಪ್ಪರಿಗೆ ಇಳಿಸಿ ಹಸಿ ಗೋಣಿಚೀಲದ ಮೇಲೆ ಕೂರಿಸುತ್ತಾರೆ. ತಳಕ್ಕೆ ಅಂಟಿದ ಕಿಡಿ ಸತ್ತದ್ದು ಖಾತ್ರಿಯಾದ ಮೇಲಷ್ಟೇ ಅದು ಗುಂಡಿಗೆ. ಮೇಲೆ ಹುಲ್ಲು, ಅದರ ಮೇಲೆ ಮೂರು ಕೌದಿ. ಆರೂವರೆಗೆ ಬೇಳೆಯ ಒಲೆ ಆರುತ್ತದೆ. ಅನ್ನಕ್ಕೆ ಒಲೆ ಹೊತ್ತಿಸುವವರೆಗೆ ಕೆಲಸವಿಲ್ಲದ ಸೂಗಪ್ಪ ಕಂಬಕ್ಕೆ ಒರಗಿ ಗೊರಕೆ ಹೊಡೆಯುತ್ತಾನೆ.

ಒಂಬತ್ತಕ್ಕೆ ಗಂಟೆ ಹೊಡೆಯುತ್ತದೆ. ಜಗದೇವಪ್ಪ ಹರಿವಾಣ ಹಿಡಿದು ನೇರ ಗುಂಡಿಯ ಕಡೆಗೇ ಬರುತ್ತಾರೆ. ಗೊಲ್ಲಾಳಮ್ಮ ಸಣ್ಣ ಗಡಿಗೆ ಹಿಡಿದು ಅಡ್ಡ ನಿಲ್ಲುತ್ತಾರೆ.

“ಇದು ಬ್ಯಾರೆ ಗಡಿಗಿ. ಜನ ಉಣ್ಣೋ ಕೊಪ್ಪರಿಗಿ ಎಡಿ ಇದು ಹ್ಯಾಂಗ ಆಗ್ತದ?” ಎನ್ನುತ್ತಾರೆ ಜಗದೇವಪ್ಪ.

“ಅದೇ ಬ್ಯಾಳಿ, ಅದೇ ನೀರು, ಅದೇ ಕುದಿ ಸಾವ್ಕಾರ್ರ. ನೀವು ತೆಗಿಯೋದು ಒಂಬತ್ತಕ್ಕ, ನಾ ತೆಗೆದಿದ್ದು ಆರಕ್ಕ. ದೇವರಿಗೆ ಎಲ್ಲಾರಿಗಿಂತ ಮೊದಲ ತೆಗೆದೀನಿ. ತಪ್ಪೇನದ?”

ಎದ್ದು ಕೂತ ಸೂಗಪ್ಪ ಹೌದೆಂದು ತಲೆಯಾಡಿಸುತ್ತಾನೆ. ಜಗದೇವಪ್ಪ ಗಡಿಗೆಯನ್ನು ನೋಡುತ್ತಾರೆ, ಗುಂಡಿಯನ್ನು ನೋಡುತ್ತಾರೆ. ಕೊನೆಗೆ ಗಡಿಗೆ ತೆಗೆದುಕೊಂಡು ಒಳಗೆ ನಡೆಯುತ್ತಾರೆ. ಗೊಲ್ಲಾಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಗುಂಡಿಯ ಪಕ್ಕದಲ್ಲೇ ಕೂರುತ್ತಾರೆ.

ಹನ್ನೆರಡಕ್ಕೆ ಅಂಗಳದ ತುಂಬ ಜನ. ಗೊಲ್ಲಾಳಮ್ಮ ಒಂದೊಂದೇ ಕೌದಿ ಸರಿಸುತ್ತಾರೆ. ಮುಚ್ಚಳ ಎತ್ತಿದರೆ ಹಬೆ ಭುಸ್ಸೆಂದು ಮೇಲೇಳುತ್ತದೆ. ಸೂಗಪ್ಪ ಸೌಟು ಇಳಿಸಿ ಎತ್ತುತ್ತಾನೆ. ಕಾಳೆಂಬುದು ಎಲ್ಲಿದೆ? ಬೆಂದಿದೆ, ಕರಗಿ ಹೋಗುವಷ್ಟು ಬೆಂದಿದೆ! ಯಾರೋ ಚಪ್ಪಾಳೆ ತಟ್ಟುತ್ತಾರೆ. ಹುಣಸೆ, ಉಪ್ಪು, ಬೆಳ್ಳುಳ್ಳಿ ಒಗ್ಗರಣೆ ಬಿದ್ದದ್ದೇ ತಡ, ಸಾಲುಸಾಲಾಗಿ ಎಲೆಗಳು ಹರಡುತ್ತವೆ. ಒಂದೂವರೆ ಬಂಡಿ ಕಟ್ಟಿಗೆ ತಿನ್ನುತ್ತಿದ್ದ ಅಡುಗೆ ಇಂದು ಅರ್ಧ ಬಂಡಿಯಲ್ಲಿ ಮುಗಿದಿದೆ; ಅದರಲ್ಲೂ ಹೆಚ್ಚಿನದು ಅನ್ನಕ್ಕೇ ಹೋಗಿದೆ.

ಬುಟ್ಟಿ ವಾಪಸ್ ತಂದಿಟ್ಟ ಏಳು ಮನೆಯವರಲ್ಲಿ ಒಬ್ಬರಾದ ರೇಣಮ್ಮ ಉಂಡು ಕೈತೊಳೆದು ಬಂದು, ನಾಳೆ ಬುಟ್ಟಿ ಒಯ್ಯುತ್ತೇನೆ ಎಂದು ನೆಲ ನೋಡುತ್ತ ಹೇಳುತ್ತಾರೆ. ಗೊಲ್ಲಾಳಮ್ಮ ಅವರ ಭುಜ ತಟ್ಟುತ್ತಾರೆ. ಇಷ್ಟೆಲ್ಲ ಮಾಡಿದ್ದೀರಲ್ಲ ಎಂದು ಯಾತ್ರಿಕರು ಹೊಗಳಿದರೆ ಗೊಲ್ಲಾಳಮ್ಮನಿಗೆ ಮುಜುಗರ. “ನಾ ಏನೂ ಮಾಡಿಲ್ರಿ. ಮುಚ್ಚಿಟ್ಟೀನಿ, ಅಷ್ಟ” ಎನ್ನುತ್ತಾರೆ.

ಎಲ್ಲರದೂ ಆದ ಮೇಲೆ ಜಗದೇವಪ್ಪ ಕಡೆಯ ಸಾಲಿನಲ್ಲಿ ಕೂರುತ್ತಾರೆ. ಎರಡು ಸಲ ಬೇಳೆ ಹಾಕಿಸಿಕೊಳ್ಳುತ್ತಾರೆ. ಎದ್ದು ಹೋಗುವಾಗ ನಿಂತು, ಅನ್ನವೂ ಹೀಗೆಯೇ ಆಗುತ್ತದೆಯೇ ಎಂದು ಮೆಲ್ಲಗೆ ಕೇಳುತ್ತಾರೆ.

“ಆಗ್ತದ್ರಿ. ಮುಂದಿನ ಅಮಾಸಿಗಿ ಅನ್ನಾನೂ ನನಗ ಬಿಡ್ರಿ” ಎನ್ನುತ್ತಾರೆ ಗೊಲ್ಲಾಳಮ್ಮ, ತಲೆಯೆತ್ತಿ. “ದೇವರಿಗಿ ಮೊದಲ ತೆಗೆದಿಡ್ತೀನಿ. ಆಮೇಲೆ ಮುಚ್ಚಳ ನಂದು.”