ಗಿಟಾರಿನವನ ಎಡಗೈ

ಬರ್ಮಿಂಗ್‌ಹ್ಯಾಮಿನ ಈ ರೆಕಾರ್ಡ್ ಅಂಗಡಿಯಲ್ಲಿ ಇವತ್ತು ನಿಲ್ಲಲು ಜಾಗವಿಲ್ಲ. ವೇಲ್ಸ್‌ನ ನಾಲ್ವರ ತಂಡವೊಂದು ಹಾಡಲಿದೆ. ಹರೆಯದಲ್ಲಿ ಇವರು ತಂದ ಒಂದೇ ರೆಕಾರ್ಡನ್ನು ಆಗ ಯಾರೂ ಕೊಳ್ಳಲಿಲ್ಲವಂತೆ, ತಂಡ ಚದುರಿಹೋಯಿತು. ಎಷ್ಟೋ ವರ್ಷಗಳ ಮೇಲೆ ಈ ಅಂಗಡಿಯ ಒಡತಿ ಅದನ್ನು ಹಳೆಯ ಸಾಮಾನಿನ ಪೆಟ್ಟಿಗೆಯಲ್ಲಿ ಕಂಡು, ಬಂದವರಿಗೆಲ್ಲ ಕೇಳಿಸುತ್ತ ಹೋದರು. ಅದು ಮತ್ತೆ ಹೊರಬಂತು. ತಲೆ ನರೆತ ಮೇಲೆ ತಂಡದವರು ಎರಡನೆಯದನ್ನೂ ಮಾಡಿದರು. ಮೂರನೆಯದು ಇವತ್ತು ಬಿಡುಗಡೆ.

ನನ್ನನ್ನು ಕರೆತಂದ ಭಾವ ಇದೇ ಊರಿನ ಹಾರ್ಬೋರ್ನ್ ಬಡಾವಣೆಯಲ್ಲಿ ಡಾಕ್ಟರು. ಗಿಟಾರಿನವನನ್ನು ಕಂಡದ್ದೇ ಅವರು ಟಿ-ಶರ್ಟುಗಳ ಸ್ಟ್ಯಾಂಡಿನ ಹಿಂದೆ ಸರಿದರು.

"ಯಾಕೆ ಭಾವ, ಗೊತ್ತಿರೋರಾ?"

"ಅದನ್ನ ಹೇಳೋ ಹಾಗಿಲ್ಲ ಕಣಯ್ಯ. ಪೇಷೆಂಟುಗಳನ್ನ ಹೊರಗಡೆ ನಾವಾಗಿ ಮಾತಾಡಿಸೋ ಹಾಗೂ ಇಲ್ಲ."

ನಮ್ಮೂರಿನ ಡಾಕ್ಟರು ಮದುವೆ ಊಟದ ಪಂಕ್ತಿಯಲ್ಲೇ ಶುಗರ್ ಎಷ್ಟಿದೆ ಎಂದು ಕೂಗಿ ಕೇಳುತ್ತಾರೆ. ನನಗೆ ನಗು ಬಂತು.

ಹಾಡು ಶುರುವಾಯಿತು. ವೆಲ್ಷ್ ಭಾಷೆ ನನಗೆ ಒಂದಕ್ಷರವೂ ಬಾರದು, ಆದರೂ ಕಾಲು ತಾನಾಗಿ ತಾಳ ಹಾಕುತ್ತಿತ್ತು. ಭಾವ ಮಾತ್ರ ಗಿಟಾರಿನವನ ಎಡಗೈಯನ್ನೇ ನೋಡುತ್ತಿದ್ದರು.

ಚಪ್ಪಾಳೆಯ ನಡುವೆ ಗಿಟಾರಿನವನ ಕಣ್ಣಿಗೆ ಭಾವ ಬಿದ್ದರು. ಅವನು ಎಡಗೈ ಎತ್ತಿ, ಬೆರಳುಗಳನ್ನು ಒಂದೊಂದಾಗಿ ಮಡಚಿ, ಮತ್ತೆ ಬಿಚ್ಚಿ ತೋರಿಸಿ ನಕ್ಕ. ಭಾವ ಸ್ಟ್ಯಾಂಡಿನ ಮರೆ ಬಿಟ್ಟು ಈಚೆ ಬಂದು ತಾವೂ ಕೈ ಎತ್ತಿದರು.

ಕಾರಿನಲ್ಲಿ ಹೊಸ ರೆಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದೆ, "ಹಾಡು ಹೇಗಿತ್ತು ಭಾವ?"

"ಹಾಡಾ?" ಎಂದು ಸ್ವಲ್ಪ ಯೋಚಿಸಿದರು. "ಮನೇಲಿ ಹಾಕು, ಕೇಳೋಣ."