ಕತ್ತರಿಯಕ್ಕನ ಕಾಲಿನ ಪೈಪಿಂಗ್

ಬಟ್ಟೆ ವ್ಯಾಪಾರಿ ಯಾರನ್ನೇ ಕಂಡರೂ ಮೊದಲು ಮನಸ್ಸಿನಲ್ಲೇ ಎರಡು ಬೆರಳ ನಡುವೆ ಹಿಡಿದು ಉಜ್ಜಿ ನೋಡುತ್ತಾನೆ. ಆ ಪ್ರಕಾರ ಕತ್ತರಿಯಕ್ಕ: ಎತ್ತರ ಐದಡಿಗೆ ಎರಡು ಬೆರಳು ಕಮ್ಮಿ, ಅಗಲ ಧಾರಾಳ, ನೇಯ್ಗೆ ಗಟ್ಟಿ, ಬಣ್ಣ ಬಿಡುವ ಜಾತಿಯಲ್ಲ, ಒಗೆದರೆ ಕುಗ್ಗುವುದೂ ಇಲ್ಲ. ಒಂದೇ ಐಬು, ನಾಲಿಗೆಗೆ ಅಂಚು ಮಡಿಚಿ ಹೊಲಿದಿರಲಿಲ್ಲ. ಹೀಗೆ ಮೇಲಿಂದ ಮೇಲೆ ಮುಟ್ಟಿ ನೋಡಿ ಮಾಲು ಚೆನ್ನಾಗಿದೆ ಎಂದುಕೊಂಡ ವ್ಯಾಪಾರಿ ಸುರುಳಿಯ ಕೆಳತುದಿಯನ್ನು ಮಾತ್ರ ಬಿಚ್ಚಿ ನೋಡಿರಲಿಲ್ಲ.

ಅದು ಕಿಟಕಿ ಪರದೆ, ಹಾಸಿಗೆ ಹೊದಿಕೆಗಳ ಬಟ್ಟೆ ಮಾರುವ ಅಂಗಡಿ. ನಡುವೆ ಬಾಗಿಲಿನಷ್ಟು ಅಗಲದ ಉದ್ದನೆ ಮೇಜು, ಅದರ ಅಂಚಿಗೆ ಮೊಳೆ ಹೊಡೆದ ಹಿತ್ತಾಳೆಯ ಅಳತೆಪಟ್ಟಿ. ಆ ಮೇಜಿನ ಹಿಂದೆ ಕತ್ತರಿಯಕ್ಕ ಇಪ್ಪತ್ತೆರಡು ವರ್ಷದಿಂದ ನಿಂತಿದ್ದರು. ಗಿರಾಕಿ ಬಂದು "ಮೂರು ಕಿಟಕಿ" ಅಂದರೆ ಸಾಕು, ಎಷ್ಟು ಮೀಟರು ಬೇಕು, ಎಷ್ಟು ನೆರಿಗೆ ಬೀಳುತ್ತದೆ, ಆ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದೆಲ್ಲ ಅವರಿಗೆ ತಿಳಿದುಬಿಡುತ್ತಿತ್ತು. ಗಂಡಹೆಂಡಿರು ಬಣ್ಣಕ್ಕೆ ಜಗಳ ಆಡಿದರೆ, ಬಟ್ಟೆಯನ್ನು ಹೆಂಡತಿಯ ಕೈಗೂ ರಸೀದಿಯನ್ನು ಗಂಡನ ಕೈಗೂ ಕೊಟ್ಟು ರಾಜಿ ಮಾಡಿಸುತ್ತಿದ್ದರು.

ಅಂಗಡಿಯ ಯಜಮಾನ, ಅಂದರೆ ಇದನ್ನು ಬರೆಯುತ್ತಿರುವ ಆಸಾಮಿ, ಗಲ್ಲಾದ ಹಿಂದೆ ಮೆತ್ತನೆ ದಿಂಬಿನ ಕುರ್ಚಿಯಲ್ಲಿ ಕೂರುತ್ತಿದ್ದ. ಇಡೀ ಅಂಗಡಿಗೆ ಇದ್ದದ್ದು ಅದೊಂದೇ ಕುರ್ಚಿ. ಅಪ್ಪನ ಕಾಲದಿಂದ ಬಂದ ಕಾನೂನು: ಮಾರುವವರು ಕೂತರೆ ವ್ಯಾಪಾರ ಮಲಗುತ್ತದೆ. ಗಲ್ಲಾದ ಹಿಂದಕ್ಕೆ ಈ ಕಾನೂನು ಯಾಕೆ ಬರುವುದಿಲ್ಲ ಎಂದು ಅಪ್ಪ ಹೇಳಿರಲಿಲ್ಲ, ಮಗ ಕೇಳಿರಲಿಲ್ಲ.

ಕಾಲಿನ ವಿಷಯ ಮೊದಲು ಕಣ್ಣಿಗೆ ಬಿದ್ದದ್ದು ದರ್ಜಿಗೆ. ಪರದೆ ಹೊಲಿಯುವ ಈ ಮನುಷ್ಯ ವಾರಕ್ಕೆರಡು ಸಲ ಬರುವವನು. ಒಂದು ದಿನ ಬಿದ್ದ ಗುಂಡುಸೂಜಿ ಹೆಕ್ಕಲು ಮೇಜಿನ ಕೆಳಗೆ ಬಗ್ಗಿದವನು ಅಲ್ಲಿಂದಲೇ ಕೂಗಿದ.

"ಅಕ್ಕಾ, ಇದೇನಿದು, ಕಾಲಿಗೆ ನೀಲಿ ಪೈಪಿಂಗ್ ಹೊಲಿಸಿಕೊಂಡಿದ್ದೀರಾ?"

"ಹೂಂ, ನಿನ್ನ ಹೊಲಿಗೆಗಿಂತ ನೆಟ್ಟಗಿದೆ. ಸೂಜಿ ಸಿಕ್ತಾ? ಏಳು ಮೇಲೆ."

ಪೈಪಿಂಗ್ ಅಂದರೆ ದಿಂಬಿನ ಅಂಚಿಗೆ ಹಗ್ಗ ಸೇರಿಸಿ ಉಬ್ಬಿಸಿ ಹೊಲಿಯುವ ಪಟ್ಟಿ. ದರ್ಜಿ ಸುಳ್ಳಾಡಿರಲಿಲ್ಲ. ಮೊಣಕಾಲಿನ ಹಿಂದಿನಿಂದ ಹೊರಟು ಪಾದದ ಹರಡಿನವರೆಗೆ ಡೊಂಕುಡೊಂಕಾಗಿ ಉಬ್ಬಿದ ನೀಲಿ ಗೆರೆಗಳು. ಹರಡಿನ ಹತ್ತಿರ ಚರ್ಮ ಕಂದಾಗಿ, ಪರದೆಯ ತಲೆಪಟ್ಟಿಗೆ ಹಾಕುವ ಬಕ್ರಂ ಥರ ಗಟ್ಟಿಯಾಗಿತ್ತು, ಕೆರೆತ ಬೇರೆ. ಸಂಜೆಗೆ ಕಾಲು ಊದಿ ಚಪ್ಪಲಿ ಹತ್ತುತ್ತಿರಲಿಲ್ಲ.

ಅವರು ಇದನ್ನು ಯಜಮಾನನಿಂದ ಮುಚ್ಚಿಟ್ಟದ್ದಕ್ಕೆ ಕಾರಣ ಇತ್ತು. ಅವರಿಗಿಂತ ಮೊದಲು ಆ ಮೇಜಿನಲ್ಲಿದ್ದವನು ಒಂದು ದಿನ ಸೊಂಟ ಹಿಡಿದುಕೊಂಡ. ಯಜಮಾನ ಬಹಳ ಕನಿಕರದಿಂದ ಅವನನ್ನು ಮಹಡಿಯ ಗೋದಾಮಿಗೆ ಹತ್ತಿಸಿ, ಕಟ್ಟುಗಳಿಗೆ ಚೀಟಿ ಅಂಟಿಸುವ ಕೆಲಸ ಕೊಟ್ಟ. ಅಲ್ಲಿ ಗಿರಾಕಿ ಇಲ್ಲ, ಮಾತಿಲ್ಲ, ಕಿಟಕಿಯೂ ಇಲ್ಲ. ಕತ್ತರಿಯಕ್ಕನಿಗೆ ಮಾತಿಲ್ಲದ ಜಾಗವೆಂದರೆ ಉಸಿರಿಲ್ಲದ ಜಾಗ. ಕಾಲು ಹೋದರೆ ಮೇಜು ಹೋಗುತ್ತದೆ, ಮೇಜು ಹೋದರೆ ತಾನು ಹೋದ ಹಾಗೇ ಎಂದು ಅವರು ತೀರ್ಮಾನಿಸಿದ್ದರು.

ಹಾಗಾಗಿ ಸ್ವಂತ ಔಷಧ ಶುರುವಾಯಿತು. ಬಟ್ಟೆ ಹರಿದಾಗ ಉಳಿಯುವ ಅಂಚಿನ ಪಟ್ಟಿಯನ್ನು, ಕಟ್ಟು ಬಿಗಿದಂತೆ, ಮೊಣಕಾಲಿನ ಕೆಳಗೆ ಎಳೆದು ಗಂಟು ಹಾಕಿಕೊಂಡರು. ಬಟ್ಟೆಯ ಕಟ್ಟು ಜಾರದಿರಬೇಕಾದರೆ ಮೇಲ್ಗಡೆಯೇ ಬಿಗಿಯಬೇಕು, ಇಡೀ ಪೇಟೆಗೆ ಗೊತ್ತಿರುವ ವಿಷಯ.

ಅವರ ಗಂಡ ಬಸ್ಸಿನ ಡ್ರೈವರು. ದಿನವೆಲ್ಲ ಕೂರುವುದೇ ಅವನ ಕೆಲಸ. "ನೀನು ನಿಂತು ಸಂಪಾದಿಸು, ನಾನು ಕೂತು ಸಂಪಾದಿಸ್ತೀನಿ, ಮನೆಗೆ ಬಂದು ಇಬ್ಬರೂ ಮಲಗೋಣ" ಎಂದು ತಮಾಷೆ ಮಾಡುತ್ತಿದ್ದವನು, ಒಂದು ಸಂಜೆ ಗಂಟು ಬಿಚ್ಚಿದಾಗ ಕಾಲಲ್ಲಿ ಬಿದ್ದಿದ್ದ ಹಳ್ಳ ಕಂಡು ಗಾಬರಿಯಾದ. ಮರುದಿನವೇ ಆಸ್ಪತ್ರೆಗೆ ಎಳೆದುಕೊಂಡು ಹೋದ.

"ನರ ಉಬ್ಬಿದೆ ಡಾಕ್ಟರಮ್ಮ" ಎಂದರು ಕತ್ತರಿಯಕ್ಕ.

"ನರ ಅಲ್ಲಮ್ಮ, ರಕ್ತನಾಳ. ವೆರಿಕೋಸ್ ವೇನ್ಸ್ ಅಂತಾರೆ. ಕಾಲಿನ ರಕ್ತ ಮೇಲಕ್ಕೆ ಹತ್ತಬೇಕಲ್ಲ, ದಾರೀಲಿ ಚಿಕ್ಕಚಿಕ್ಕ ಬಾಗಿಲು ಇರುತ್ತೆ, ಹತ್ತಿದ್ದು ಇಳೀದ ಹಾಗೆ ಹಾಕ್ಕೊಳ್ಳುತ್ತೆ. ನಿಮ್ಮ ಬಾಗಿಲು ಸಡಿಲ ಆಗಿದೆ. ರಕ್ತ ವಾಪಸ್ ಜಾರಿ ಕೆಳಗೇ ನಿಂತ್ಕೊಂಡಿದೆ."

"ನಮ್ಮನೆ ಬಾಗಿಲೂ ಹಾಗೇ. ಇವರಿಗೆ ಹೇಳಿ ಹೇಳಿ ಸಾಕಾಯ್ತು."

ಗಂಡ ಚಾವಣಿ ನೋಡಿದ. ಡಾಕ್ಟರಮ್ಮ ನಗಲಿಲ್ಲ. ಸ್ಕ್ಯಾನ್ ಮಾಡಿಸಬೇಕು, ಎಷ್ಟೋ ಜನಕ್ಕೆ ಇದು ನೋಟಕ್ಕಷ್ಟೇ ಕೆಟ್ಟದು, ಆದರೆ ಚರ್ಮ ಹೀಗೆ ಕಂದಿದ ಮೇಲೆ ಹಗುರವಾಗಿ ತೆಗೆದುಕೊಳ್ಳಬಾರದು, ಸಣ್ಣ ಗಾಯವೂ ತಿಂಗಳುಗಟ್ಟಲೆ ಮಾಯದ ಹುಣ್ಣಾಗಬಹುದು ಎಂದರು. "ಒಂದೇ ಕಾಲು ಇದ್ದಕ್ಕಿದ್ದ ಹಾಗೆ ಊದಿ ನೋವು ಬಂದರೆ ಓಡಿ ಬನ್ನಿ. ಒಳಗಡೆ ರಕ್ತ ಹೆಪ್ಪುಗಟ್ಟಿರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಇನ್ನೊಂದು, ಈ ಉಬ್ಬು ಒಡೆದು ರಕ್ತ ಬಂದರೆ ನಿಲ್ಲಬೇಡಿ, ಕೂರಲೂಬೇಡಿ. ಮಲಗಿ, ಕಾಲು ಎದೆಗಿಂತ ಮೇಲೆತ್ತಿ, ಒತ್ತಿ ಹಿಡಿದು ಬನ್ನಿ." ಕೊನೆಗೆ ಒಂದು ಬಿಗಿ ಕಾಲುಚೀಲ ಕೊಟ್ಟು, ಅದನ್ನು ಹಾಕುವ ಕ್ರಮ ಹೇಳಹೊರಟರು.

"ಬಟ್ಟೆ ವಿಚಾರ ನನಗೆ ಬಿಡಿ ಡಾಕ್ಟರಮ್ಮ" ಎಂದು ಕತ್ತರಿಯಕ್ಕ ಎದ್ದೇಬಿಟ್ಟರು. ಸ್ಕ್ಯಾನ್‌ಗೆ ರಜೆ ಬೇಕು, ರಜೆ ಕೇಳಿದರೆ ಕಾರಣ ಹೇಳಬೇಕು, ಕಾರಣ ಹೇಳಿದರೆ ಗೋದಾಮು. ಅದು ಮುಂದಕ್ಕೆ ಹೋಯಿತು.

ಮನೆಗೆ ಬಂದು ಕಾಲುಚೀಲವನ್ನು ಎಳೆದು, ತಿರುಗಿಸಿ, ಬೆಳಕಿಗೆ ಹಿಡಿದು ಪರೀಕ್ಷಿಸಿದರು.

"ರೀ, ಇಲ್ನೋಡಿ, ಐಬಿನ ಮಾಲು ಕೊಟ್ಟಿದ್ದಾರೆ. ಕೆಳಗೆ ಬಿಗಿ, ಮೇಲೆ ಹೋಗ್ತಾ ಹೋಗ್ತಾ ಸಡಿಲ. ಉಲ್ಟಾ ನೇಯ್ದಿದ್ದಾರೆ."

"ಹಾಗೇ ಇರಬೇಕೇನೋ ಕಣೇ."

"ನೀವು ಸ್ಟೇರಿಂಗ್ ನೋಡ್ಕೊಳ್ಳಿ."

ಮಾಲಿನ ತಪ್ಪು ತಿದ್ದುವುದು ಅವರ ಕಸುಬು. ಹರಡಿನ ಬಿಗಿಯನ್ನು ಕತ್ತರಿಸಿ ಸಡಿಲಿಸಿದರು. ಮೇಲೆ, ಮೊಣಕಾಲಿನ ಕೆಳಗೆ, ಎರಡು ಸುತ್ತು ಎಲಾಸ್ಟಿಕ್ ಕೊಟ್ಟು ಹೊಲಿದರು. ಹೊಲಿಗೆಯೇನೋ ಅಂಗಡಿಯ ಗಾಜಿನಲ್ಲಿ ಪ್ರದರ್ಶನಕ್ಕಿಡುವ ಹಾಗಿತ್ತು. ಹೀಗೆ ತಾವೇ ತಿದ್ದಿದ ಕಾಲುಚೀಲ ಹಾಕಿಕೊಂಡು ಇನ್ನೂ ಮೂರು ವಾರ ನಿಂತರು. ಕಾಲಿನ ಉಬ್ಬು ಇಳಿಯುವ ಬದಲು ದಪ್ಪವಾಯಿತು.

ನಾಲ್ಕನೆಯ ವಾರ, ಮಧ್ಯಾಹ್ನ. ಒಬ್ಬ ಗಿರಾಕಿಗೆ ಬಿಳಿ ಪರದೆಬಟ್ಟೆ ಅಳೆಯುತ್ತಿದ್ದರು. ಪಕ್ಕಕ್ಕೆ ಒರಗಿಸಿದ್ದ ಕಬ್ಬಿಣದ ಪರದೆ ಕೋಲು ಜಾರಿ, ತುದಿ ಹರಡಿಗೆ ತಾಗಿತು. ಅಷ್ಟೇನೂ ಜೋರಾಗಿ ತಾಗಿರಲಿಲ್ಲ. ನೋವೂ ಹೆಚ್ಚಾಗಲಿಲ್ಲ. ಚಪ್ಪಲಿ ಒದ್ದೆಯಾಯಿತಲ್ಲ, ಯಾರು ನೀರು ಚೆಲ್ಲಿದರು ಎಂದು ಬೈಯಲು ಬಾಯಿ ತೆರೆದು ಕೆಳಗೆ ನೋಡಿದರೆ, ತೂತುಬಿದ್ದ ಪೈಪಿನಿಂದ ನೀರು ಬರುವ ಹಾಗೆ ರಕ್ತ.

ಗಿರಾಕಿ ಕಿರುಚಿದಳು. ದರ್ಜಿ ಅಲ್ಲೇ ಇದ್ದ, ಅವನೂ ಕಿರುಚಿದ. ಯಜಮಾನ ಜೀವಮಾನದಲ್ಲಿ ಮೊದಲ ಸಲ ತನ್ನ ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಓಡಿಬಂದ.

"ಕೂತ್ಕೊಳ್ಳಿ ಅಕ್ಕಾ, ಮೊದಲು ಕೂತ್ಕೊಳ್ಳಿ!"

ಕತ್ತರಿಯಕ್ಕ ಕೂತರು. ದಿಂಬು ನಿಜಕ್ಕೂ ಮೆತ್ತಗಿತ್ತು. ಕಾಲು ಇಳಿಬಿಟ್ಟಿತ್ತು, ರಕ್ತ ಇನ್ನೂ ರಭಸದಿಂದ ಬಂತು. ಆಗ ಡಾಕ್ಟರಮ್ಮನ ಮಾತು ನೆನಪಾಯಿತು. ಅವರು ಯಜಮಾನನ ಮುಖ ನೋಡಿದರು.

"ಯಜಮಾನ್ರೇ, ಇಪ್ಪತ್ತೆರಡು ವರ್ಷ ಕೂರಬೇಡ ಅಂದ್ರಿ. ಈಗ ಕೂತರೆ ಸಾಯ್ತೀನಿ ಅನ್ನೋ ಹೊತ್ತಿಗೆ ಕುರ್ಚಿ ತಂದಿದ್ದೀರಲ್ಲ! ಹಿಡೀರಿ ನನ್ನ. ಮೇಜಿನ ಮೇಲೆ ಮಲಗಿಸಿ."

ಹಿತ್ತಾಳೆ ಪಟ್ಟಿಯ ಉದ್ದಕ್ಕೆ ಮಲಗಿ, ಎಲಾಸ್ಟಿಕ್ ಕಾಲುಚೀಲವನ್ನು ತಮ್ಮದೇ ಕತ್ತರಿಯಿಂದ ಸೀಳಿಸಿದರು. ಕಾಲಿನ ಕೆಳಗೆ ಎರಡು ಬಟ್ಟೆ ಸುರುಳಿ ಒಟ್ಟಿಸಿದರು. ದರ್ಜಿ ಅಸ್ತರಿನ ಬಟ್ಟೆ ಮಡಿಚಿ ಗಾಯದ ಮೇಲೆ ಒತ್ತಿ ಹಿಡಿದ.

"ತೆಗೆದು ತೆಗೆದು ನೋಡಬೇಡ್ವೋ, ಇಸ್ತ್ರಿ ಮಾಡ್ತಿಲ್ಲ ನೀನು. ಒತ್ತು!"

ಹತ್ತು ನಿಮಿಷಕ್ಕೆ ರಕ್ತ ಹತೋಟಿಗೆ ಬಂತು. ಗಿರಾಕಿ ಇನ್ನೂ ಗೋಡೆಗೆ ಅಂಟಿ ನಿಂತಿದ್ದಳು.

"ನೀವು ಬಿಳಿ ತಗೋಬೇಡಿ ತಾಯಿ" ಎಂದರು ಕತ್ತರಿಯಕ್ಕ, ಮಲಗಿದಲ್ಲಿಂದಲೇ. "ನೋಡಿದ್ರಲ್ಲ, ಕಲೆ ಎಷ್ಟು ಬೇಗ ಆಗುತ್ತೆ. ಹಿಂದಿನ ಸಾಲಲ್ಲಿ ಮರೂನ್ ಇದೆ."

ಗಿರಾಕಿ ಮರೂನ್ ತೆಗೆದುಕೊಂಡಳು. ಅಪ್ಪನ ಕಾನೂನಿನ ಪ್ರಕಾರ ಮಲಗಬೇಕಾಗಿದ್ದ ವ್ಯಾಪಾರ ಮಲಗಲಿಲ್ಲ.

ಯಜಮಾನನ ಕಾರಿನ ಹಿಂದಿನ ಸೀಟಿನಲ್ಲಿ, ಕಾಲನ್ನು ಕಿಟಕಿಯಿಂದ ಹೊರಗಿಟ್ಟು, ಅದನ್ನು ಒತ್ತಿ ಹಿಡಿದ ದರ್ಜಿಯೂ ಅರ್ಧ ಹೊರಗೆ ನೇತಾಡುತ್ತ, ಮೆರವಣಿಗೆ ಆಸ್ಪತ್ರೆ ಮುಟ್ಟಿತು. ಡಾಕ್ಟರಮ್ಮ ಗಾಯಕ್ಕೆ ಹೊಲಿಗೆ ಹಾಕಿ, ಆಮೇಲೆ ಸೀಳಿದ ಕಾಲುಚೀಲವನ್ನು ಎತ್ತಿ ಹಿಡಿದರು.

"ಇದನ್ನ ಹೊಲಿದದ್ದು ಯಾರು?"

"ನಾನೇ. ಹೊಲಿಗೆ ಬಿಗಿ ಇದೆ ಅಲ್ವಾ?"

"ಬಿಗಿ ಇದ್ದಿದ್ದೇ ತಪ್ಪು. ಕೆಳಗೆ ಬಿಗಿ, ಮೇಲೆ ಸಡಿಲ, ಆಗಲೇ ರಕ್ತ ಮೇಲಕ್ಕೆ ಹೋಗೋದು. ನೀವು ಮೇಲುಗಡೆ ಕಟ್ಟಿ ಬಾಗಿಲಿಗೇ ಬೀಗ ಹಾಕಿದ್ದೀರಿ."

ಸ್ಕ್ಯಾನ್ ಆಯಿತು. ಪುಣ್ಯಕ್ಕೆ ಒಳಗಿನ ನಾಳಗಳಲ್ಲಿ ಹೆಪ್ಪು ಇರಲಿಲ್ಲ. ಗಾಯ ಮಾಯ್ದ ಮೇಲೆ ಲೇಸರ್‌ನಿಂದ ಕೆಟ್ಟ ನಾಳ ಮುಚ್ಚುವುದು, ಅಲ್ಲಿಯವರೆಗೆ ಒಂದೇ ಕಡೆ ನಿಲ್ಲುವಂತಿಲ್ಲ, ಒಂದೇ ಸಮನೆ ಕೂರುವಂತೆಯೂ ಇಲ್ಲ, ಆಗಾಗ ನಡೆಯಬೇಕು, ಕಾಲೆತ್ತಿ ಇಡಬೇಕು ಎಂದು ತೀರ್ಮಾನವಾಯಿತು.

"ದಿನಾ ಹತ್ತು ಗಂಟೆ ನಿಲ್ತೀರಾ?" ಡಾಕ್ಟರಮ್ಮ ಕೇಳಿದರು. "ಅಂಗಡೀಲಿ ಒಂದು ಸ್ಟೂಲ್ ಕೂಡ ಇಲ್ವಾ?"

ಯಜಮಾನ ತನ್ನ ಚಪ್ಪಲಿಯ ಉಂಗುಟ ಪರೀಕ್ಷಿಸತೊಡಗಿದ.

"ಅವರೇನು ಮಾಡ್ತಾರೆ ಡಾಕ್ಟರಮ್ಮ" ಎಂದರು ಕತ್ತರಿಯಕ್ಕ. "ನನಗೇ ಕೂರೋ ಅಭ್ಯಾಸ ಇಲ್ಲ."

ಈಗ ಮೇಜಿನ ಹಿಂದೆ ಎತ್ತರದ ಸ್ಟೂಲ್ ಇದೆ, ಕಾಲಿಡಲು ಇನ್ನೊಂದು ಚಿಕ್ಕದು. ಲೇಸರ್ ಆಗಿ ಎಂಟು ತಿಂಗಳಾಯಿತು, ಮೇಜು ಅವರದೇ. ನಡೆಯಬೇಕೆಂಬ ನೆಪದಲ್ಲಿ ಪ್ರತಿ ಗಿರಾಕಿಯನ್ನೂ ಬಾಗಿಲವರೆಗೆ ಕಳಿಸಿ ಬರುತ್ತಾರೆ, ದಾರಿಯಲ್ಲಿ ಒಂದು ದಿಂಬಿನ ಹೊದಿಕೆಯಾದರೂ ತಗುಲಿಸುತ್ತಾರೆ. ಯಾರ ಕಾಲಲ್ಲಿ ನೀಲಿ ಗೆರೆ ಕಂಡರೂ ಹಿಡಿದು ನಿಲ್ಲಿಸಿ, ಅಲ್ಲ, ಹಿಡಿದು ಕೂರಿಸಿ, "ಕೆಳಗೆ ಬಿಗಿ, ಮೇಲೆ ಸಡಿಲ" ಎಂದು ಪಾಠ ಹೇಳುತ್ತಾರೆ.

ಆ ದಿನ ಅವರು ಡಾಕ್ಟರಮ್ಮನಿಗೆ ಹೇಳಿದ್ದು ಸುಳ್ಳು. ಇಪ್ಪತ್ತೆರಡು ವರ್ಷದಲ್ಲಿ ಕತ್ತರಿಯಕ್ಕ ಮೂರು ಸಲ ಸ್ಟೂಲ್ ಕೇಳಿದ್ದರು, ಮೂರು ಸಲವೂ ಇಲ್ಲ ಎಂದವನು ನಾನು. ಅಂದೇ ಡಾಕ್ಟರಮ್ಮನ ಎದುರಿಗೆ ಒಪ್ಪಿಕೊಳ್ಳಬೇಕಿದ್ದ ಆ ಮಾತನ್ನು ನಾನು ಕತ್ತರಿಯಕ್ಕನಿಗೆ ಇನ್ನೂ ಬಾಕಿ ಉಳಿಸಿಕೊಂಡಿದ್ದೇನೆ.