ವರ್ಷತೊಡಕಿನ ದಿನ ಚುಚ್ಚಿದ ಸೂಜಿ

ಕಳೆದ ವರ್ಷ ಯುಗಾದಿಯ ಮಾರನೇ ದಿನ, ವರ್ಷತೊಡಕಿನ ಬಾಡೂಟಕ್ಕೆಂದು ತುಮಕೂರಿನ ಬಟವಾಡಿಯಿಂದ ಗುಬ್ಬಿಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಅಂದು ಏನು ನಡೆಯುತ್ತದೋ ವರ್ಷವೆಲ್ಲ ಅದೇ ನಡೆಯುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಹಾಗಾಗಿ ಯಾರೂ ಜಗಳಕ್ಕೆ ನಿಲ್ಲುವುದಿಲ್ಲ, ಅಳುವುದಿಲ್ಲ.

ಊಟವಾದ ಮೇಲೆ ಅಕ್ಕ ಹಿತ್ತಲಲ್ಲಿ ಮೂಳೆ ಸುರಿಯುವಾಗ ಬೀದಿನಾಯಿಯೊಂದು ನುಗ್ಗಿ ಅಂಗೈ ಕಚ್ಚಿತು. ಹಲ್ಲು ಆಳಕ್ಕಿಳಿದಿತ್ತು.

"ಅರಿಶಿನ ಮೆತ್ತಿದ್ರೆ ಆಯ್ತು ಬುಡು" ಎಂದಳು. ನಾನು ಬಿಡಲಿಲ್ಲ. ನಲ್ಲಿಯ ಕೆಳಗೆ ಕೈ ಹಿಡಿಸಿ, ಸೋಪು ಹಚ್ಚಿ ತುಂಬಾ ಹೊತ್ತು ತೊಳೆಸಿ, ತುಮಕೂರಿನ ಆಸ್ಪತ್ರೆಗೆ ಕರೆತಂದೆ.

ತೋಳಿಗೆ ರೇಬೀಸ್ ಲಸಿಕೆ ಕೊಟ್ಟರು. "ಇದು ಕೆಲಸ ಶುರು ಮಾಡೋಕೆ ಕೆಲವು ದಿನ ಬೇಕು. ಅಲ್ಲೀವರ್ಗೂ ಕಾಪಾಡೋಕೆ ಗಾಯದೊಳಗೆ ಸೀರಮ್ ಹಾಕ್ತೀವಿ. ಕುದುರೆ ರಕ್ತದಿಂದ ಮಾಡಿದ್ದು, ಅಪರೂಪಕ್ಕೆ ಕೆಲವರಿಗೆ ಒಗ್ಗಲ್ಲ" ಎಂದರು ವೈದ್ಯೆ.

ನಮ್ಮೂರು ಕುಣಿಗಲ್. ಕುದುರೆ ಫಾರಂ ಬೇಲಿಯ ಪಕ್ಕದಲ್ಲೇ ಆಡಿ ಬೆಳೆದವರು ನಾವು. "ಕುಣಿಗಲ್ ಹೆಣ್ಣಿಗೆ ಕುದುರೆ ಒಗ್ಗಲ್ವಾ? ಹಾಕಿ ಡಾಕ್ಟ್ರೇ" ಎಂದು ಅಕ್ಕ ನಕ್ಕಳು.

ಅರ್ಧ ಸೀರಮ್ ಹೋಗಿತ್ತಷ್ಟೆ. ಕತ್ತಿನ ಮೇಲೆ ದದ್ದು ಎದ್ದವು, ತುಟಿ ಊದಿತು. "ಲೋ, ಗಂಟ್ಲು ಕಟ್ತೈತೆ ಕಣೋ..." ಎಂದವಳ ದನಿ ಅಲ್ಲಿಗೇ ನಿಂತಿತು. ವೈದ್ಯೆ ತಕ್ಷಣ ಸೀರಮ್ ನಿಲ್ಲಿಸಿ ತೊಡೆಗೆ ಅಡ್ರಿನಲಿನ್ ಚುಚ್ಚಿದರು. ಆಕ್ಸಿಜನ್ ಬಂತು, ಸಲೈನ್ ಬಂತು. ವರದಿಗಾರನಾಗಿ ಅನೇಕ ಸಾವುಗಳ ಸುದ್ದಿ ಬರೆದವನು ನಾನು. ಅಂದು ಅವಳ ಎದೆ ಏರಿಳಿಯುವುದನ್ನಷ್ಟೇ ನೋಡುತ್ತ ನಿಂತೆ. ನಿಧಾನವಾಗಿ ಉಸಿರು ಸರಾಗವಾಯಿತು.

"ಗಾಯಕ್ಕೆ ಪೂರ್ತಿ ರಕ್ಷಣೆ ಸಿಕ್ಕಿಲ್ಲ. ಕುದುರೆದು ಬೇಡ, ಮನುಷ್ಯರ ರಕ್ತದಿಂದ ಮಾಡಿರೋ ಸೀರಮ್ ತರಿಸಿದ್ದೀನಿ" ಎಂದರು ವೈದ್ಯೆ, ಅವಳು ಚೇತರಿಸಿಕೊಂಡ ಮೇಲೆ.

ಅಕ್ಕ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟಳು. "ವರ್ಷತೊಡಕಿನ ದಿನ ಇನ್ನೂ ಸೂಜಿನಾ? ಆಮೇಲೆ ವರ್ಷವೆಲ್ಲಾ ಚುಚ್ಚುಸ್ಕೊಂಡೇ ಕೂತಿರ್ಬೇಕು. ನಾನೊಲ್ಲೆ."

ರೇಬೀಸ್ ಕಾಣಿಸಿಕೊಂಡರೆ ಉಳಿಸಿಕೊಳ್ಳಲಾಗದು ಎಂಬುದು ನನಗೆ ಗೊತ್ತಿತ್ತು. ಅವಳ ನಂಬಿಕೆಯನ್ನೇ ಹಿಡಿದೆ. "ಅಕ್ಕಾ, ಇವತ್ತು ನೀನು ಸತ್ತು ಬದುಕಿದ್ದೀಯ. ಅದೂ ವರ್ಷವೆಲ್ಲಾ ನಡೀಬೇಕಲ್ವಾ?"

ನನ್ನನ್ನೇ ದಿಟ್ಟಿಸಿದಳು. "ಏನ್ಲಾ, ಪೇಪರ್‌ನೋನು ಅಂತ ಮಾತಲ್ಲೇ ಗೆಲ್ತೀಯಾ?" ಎನ್ನುತ್ತ ಕೈ ಚಾಚಿದಳು.

ಸೀರಮ್ ಈ ಸಲ ಒಗ್ಗಿತು. ಮುಂದಿನ ಲಸಿಕೆಗಳೂ ಮುಗಿದವು.

ಈ ವರ್ಷತೊಡಕಿಗೆ ಅದೇ ಕೈಯಿಂದ ನನ್ನ ಎಲೆಗೆ ಬಾಡಿನ ಸಾರು ಬಡಿಸಿದಳು. ಮೂಳೆ ಎಸೆದದ್ದು ಮಾತ್ರ ಹಿತ್ತಲ ಗೇಟು ಹಾಕಿಕೊಂಡು, ಒಳಗಿನಿಂದ. "ನೋಡ್ಲಾ, ವರ್ಷವೆಲ್ಲಾ ಬದುಕಿದೆ. ಇವತ್ತೂ ಬದುಕಿದೀನಿ, ಇನ್ನೊಂದು ವರ್ಷ ಗ್ಯಾರಂಟಿ" ಎಂದಳು.

ಯಾವ ಮಾತಿಗೂ ಪುರಾವೆ ಕೇಳುವುದು ನನ್ನ ವೃತ್ತಿ. ಅದಕ್ಕೆ ಮಾತ್ರ ಕೇಳಲಿಲ್ಲ.